ಆರಾಧನಾ ವರ್ಷದ ಬಣ್ಣಗಳು: ತಾರೀಖಿನ ಲೆಕ್ಕದಿಂದ ಬಟ್ಟೆಯ ಜೋಪಾನದವರೆಗೆ

ನೇರಳೆ ಎಂದರೆ ಪಶ್ಚಾತ್ತಾಪ, ಬಿಳಿ ಎಂದರೆ ಆನಂದ, ಕೆಂಪು ಎಂದರೆ ರಕ್ತ ಮತ್ತು ಬೆಂಕಿ, ಹಸಿರು ಎಂದರೆ ಬೆಳವಣಿಗೆ. ಬಲಿಪೀಠವನ್ನು ಸಜ್ಜುಗೊಳಿಸುವ ಯಾರನ್ನು ಕೇಳಿದರೂ ಇಷ್ಟು ಹೇಳುತ್ತಾರೆ. ಆದರೂ ತಪ್ಪು ಬಣ್ಣ ಬೀಳುತ್ತಲೇ ಇರುತ್ತದೆ. ಜನವರಿ ಕೊನೆಗೆ ಬಂದರೂ ಕ್ರಿಸ್ಮಸ್‌ನ ಬಿಳಿ ಇಳಿದಿರುವುದಿಲ್ಲ, ಗರಿಗಳ ಭಾನುವಾರ ನೇರಳೆಯಲ್ಲೇ ಮುಗಿದುಹೋಗುತ್ತದೆ, ಪವಿತ್ರಾತ್ಮರು ಇಳಿದುಬಂದದ್ದನ್ನು ಸ್ಮರಿಸುವ ಪೆಂತೆಕೋಸ್ತಿನ ಕೆಂಪು ವಾರಗಟ್ಟಲೆ ಹಾಗೇ ತೂಗುತ್ತಿರುತ್ತದೆ. ಇವೆಲ್ಲ ಕ್ಯಾಲೆಂಡರನ್ನು ಸರಿಯಾಗಿ ನೋಡದೆ ಆಗುವ ತಪ್ಪುಗಳು. ಇದನ್ನು ಸಣ್ಣ ವಿಷಯವೆಂದು ಬಿಡುವಂತಿಲ್ಲ, ಏಕೆಂದರೆ ಭಕ್ತರ ಕಣ್ಣು ಬಣ್ಣವನ್ನು ನಿಜವಾಗಿ ಗಮನಿಸುವುದು ಅದು ಬದಲಾದ ದಿನ. ಬದಲಾಗಬೇಕಾದ ದಿನ ಬದಲಾಗದಿದ್ದರೆ ಎಷ್ಟು ಬೆಲೆಬಾಳುವ ಬಟ್ಟೆಯೂ ಏನನ್ನೂ ಹೇಳುವುದಿಲ್ಲ.

ಹಾಗಾಗಿ ಮೊದಲು ತಾರೀಖು, ನಂತರ ಬಣ್ಣ, ಕೊನೆಗೆ ಬಟ್ಟೆ. ಇಲ್ಲಿ ಆಧಾರವಾಗಿ ಹಿಡಿದಿರುವುದು ರೋಮನ್ ಕಥೋಲಿಕ ಪದ್ಧತಿ. ಬೇರೆ ಸಭೆಗಳು ಎಲ್ಲಿ ಬೇರೆ ದಾರಿ ಹಿಡಿಯುತ್ತವೆ ಎಂಬುದನ್ನು ಆಯಾ ಜಾಗದಲ್ಲಿ ಹೇಳಿದೆ.

ವರ್ಷದ ಲೆಕ್ಕ

ಎರಡು ತಾರೀಖು ಸಿಕ್ಕರೆ ಇಡೀ ವರ್ಷ ಸಿಕ್ಕಂತೆ. ಒಂದು, ಕ್ರಿಸ್ಮಸ್‌ಗೆ ಸಿದ್ಧವಾಗುವ ಆಗಮನ ಕಾಲದ ಮೊದಲ ಭಾನುವಾರ. ಸಂತ ಅಂದ್ರೆಯರ ಹಬ್ಬವಾದ ನವೆಂಬರ್ 30ಕ್ಕೆ ಅತಿ ಹತ್ತಿರದ ಭಾನುವಾರವೇ ಅದು. ನವೆಂಬರ್ 27ಕ್ಕಿಂತ ಮೊದಲು ಬರುವುದಿಲ್ಲ, ಡಿಸೆಂಬರ್ 3ನ್ನು ದಾಟುವುದಿಲ್ಲ. ಎರಡು, ಯೇಸುವಿನ ಪುನರುತ್ಥಾನದ ಹಬ್ಬವಾದ ಪಾಸ್ಖ (ಈಸ್ಟರ್) ಭಾನುವಾರ. ಮಾರ್ಚ್ 21 ಅಥವಾ ಅದರ ನಂತರ ಸಭೆಯ ಲೆಕ್ಕದಲ್ಲಿ ಬರುವ ಹುಣ್ಣಿಮೆಯನ್ನು ಗುರುತಿಸಿ, ಆ ಹುಣ್ಣಿಮೆ ಕಳೆದ ಮೇಲಿನ ಮೊದಲ ಭಾನುವಾರವನ್ನು ಹಿಡಿಯಬೇಕು. ಪಾಶ್ಚಾತ್ಯ ಸಭೆಗಳಲ್ಲಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಎಲ್ಲಾದರೂ ಬೀಳಬಹುದು.

ಉಳಿದದ್ದು ಕೂಡುವುದು, ಕಳೆಯುವುದು ಅಷ್ಟೆ. ಪಾಸ್ಖದಿಂದ 46 ದಿನ ಹಿಂದೆ ಎಣಿಸಿದರೆ ಬೂದಿ ಬುಧವಾರ, 7 ದಿನ ಹಿಂದೆ ಗರಿಗಳ ಭಾನುವಾರ. ಮುಂದಕ್ಕೆ 39 ದಿನ ಎಣಿಸಿದರೆ ಸ್ವರ್ಗಾರೋಹಣ, 49 ದಿನಕ್ಕೆ ಪೆಂತೆಕೋಸ್ತ್, 56 ದಿನಕ್ಕೆ ತ್ರಿತ್ವದ ಭಾನುವಾರ. ಬೂದಿ ಬುಧವಾರದಿಂದ ಪಾಸ್ಖದತ್ತ ಸಾಗುವ ತಪಸ್ಸು ಕಾಲ 40 ದಿನವಲ್ಲವೇ, 46 ಎಲ್ಲಿಂದ ಬಂತು ಎಂಬ ಗೊಂದಲ ಪ್ರತಿ ವರ್ಷ ಏಳುತ್ತದೆ. ನಡುವಿನ ಆರು ಭಾನುವಾರಗಳು ಉಪವಾಸದ ದಿನಗಳಲ್ಲ, ಅವನ್ನು 40ರಲ್ಲಿ ಎಣಿಸುವುದಿಲ್ಲ. ಆದರೆ ಬಣ್ಣ ಆ ಭಾನುವಾರಗಳಿಗೂ ಅನ್ವಯಿಸುತ್ತದೆ.

ಉದಾಹರಣೆಗೆ 2026–27ರ ಆರಾಧನಾ ವರ್ಷವನ್ನು ಬಿಡಿಸಿ ನೋಡಿ. 2026ರ ನವೆಂಬರ್ 29ಕ್ಕೆ ಆಗಮನ ಕಾಲ ಶುರು, ಅಂದಿನಿಂದ ನೇರಳೆ. ಡಿಸೆಂಬರ್ 13 ಮೂರನೆಯ ಭಾನುವಾರ, ಗುಲಾಬಿ ಇದ್ದರೆ ಗುಲಾಬಿ. ಡಿಸೆಂಬರ್ 24ರ ಸಂಜೆಯಿಂದ ಬಿಳಿ. ಜನವರಿ 10ಕ್ಕೆ ಪ್ರಭುವಿನ ದೀಕ್ಷಾಸ್ನಾನದ ಹಬ್ಬ, ಅಲ್ಲಿಗೆ ಬಿಳಿ ಮುಗಿಯಿತು. ಜನವರಿ 11ರ ಸೋಮವಾರದಿಂದ ಫೆಬ್ರವರಿ 9ರ ಮಂಗಳವಾರದವರೆಗೆ ಹಸಿರು. ಫೆಬ್ರವರಿ 10 ಬೂದಿ ಬುಧವಾರ, ಮತ್ತೆ ನೇರಳೆ. ಮಾರ್ಚ್ 7 ತಪಸ್ಸು ಕಾಲದ ನಾಲ್ಕನೆಯ ಭಾನುವಾರ, ಗುಲಾಬಿ. ಮಾರ್ಚ್ 21 ಗರಿಗಳ ಭಾನುವಾರ, ಕೆಂಪು. 25ರ ಪವಿತ್ರ ಗುರುವಾರ ಸಂಜೆ ಬಿಳಿ, 26ರ ಶುಭ ಶುಕ್ರವಾರ ಕೆಂಪು, 27ರ ರಾತ್ರಿಯ ಜಾಗರಣೆಯಿಂದ ಬಿಳಿ. 28 ಪಾಸ್ಖ. ಮೇ 16 ಪೆಂತೆಕೋಸ್ತ್, ಕೆಂಪು. ಮೇ 17ರಿಂದ ಹಸಿರಿನ ಕಾಲ. ಅದು ಹೊಸ ಆಗಮನ ಕಾಲದ ಹಿಂದಿನ ದಿನ, ಅಂದರೆ 2027ರ ನವೆಂಬರ್ 27ರ ತನಕ. ನಡುವೆ ಬರುವ ಮೇ 23ರ ತ್ರಿತ್ವದ ಭಾನುವಾರ, ನವೆಂಬರ್ 21ರ ಕ್ರಿಸ್ತರಾಜರ ಹಬ್ಬ ಮುಂತಾದವಕ್ಕೆ ಬಿಳಿ.

ಇಂಥದ್ದೊಂದು ಪಟ್ಟಿಯನ್ನು ಕೈಯಲ್ಲೇ ಬರೆದು, ಪೂಜಾಸಾಮಗ್ರಿ ಇಡುವ ಕೋಣೆಯಾದ ಸ್ಯಾಕ್ರಿಸ್ಟಿಯ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿ. ಧರ್ಮಪ್ರಾಂತ್ಯ ಅಥವಾ ಸಭಾಮಂಡಳಿ ಕೊಡುವ ಅಚ್ಚಾದ ಕ್ಯಾಲೆಂಡರ್ ಜತೆ ಒಮ್ಮೆ ತಾಳೆ ನೋಡಿ. ಎಪಿಫನಿ (ಜ್ಞಾನಿಗಳು ಶಿಶು ಯೇಸುವನ್ನು ಕಂಡ ಹಬ್ಬ), ಸ್ವರ್ಗಾರೋಹಣ ಮುಂತಾದವನ್ನು ಕೆಲವು ನಾಡುಗಳಲ್ಲಿ ಭಾನುವಾರಕ್ಕೆ ಸರಿಸುತ್ತಾರೆ. ಲೆಕ್ಕ ಸರಿಯಿದ್ದೂ ದಿನ ತಪ್ಪುವುದು ಅಲ್ಲೇ.

ಇನ್ನೊಂದು ಮುಖ್ಯ ಮಾತು. ಭಾನುವಾರ ಮತ್ತು ಮಹಾಹಬ್ಬಗಳು ಆರಾಧನೆಯ ಲೆಕ್ಕದಲ್ಲಿ ಹಿಂದಿನ ಸಂಜೆಯೇ ಆರಂಭವಾಗುತ್ತವೆ. ಶನಿವಾರ ಸಂಜೆ ಭಾನುವಾರದ ಬಲಿಪೂಜೆ (ಮಾಸ್) ಇದ್ದರೆ ಬಟ್ಟೆ ಬದಲಾಗಬೇಕಾದದ್ದು ಶನಿವಾರ ಮಧ್ಯಾಹ್ನ. ಬೂದಿ ಬುಧವಾರಕ್ಕೆ ಹಾಗಿಲ್ಲ. ಮಂಗಳವಾರದ ಕೊನೆಯ ಆರಾಧನೆ ಮುಗಿದ ಮೇಲೆ ಬದಲಿಸಿದರೆ ಸಾಕು.

ನೇರಳೆ, ಮತ್ತು ಅದರೊಳಗಿನ ಎರಡು ನೇರಳೆ

ಮೂರನೆಯ ಇನ್ನೊಸೆಂಟ್ ಪೋಪ್ ಆಗಿದ್ದು 1198ರಲ್ಲಿ. ಅದಕ್ಕೂ ಮೊದಲು ಬಲಿಪೂಜೆಯ ಬಗ್ಗೆ ಬರೆದ ಗ್ರಂಥದಲ್ಲಿ ಅವರು ರೋಮಿನಲ್ಲಿ ಬಳಕೆಯಲ್ಲಿದ್ದ ಬಣ್ಣಗಳನ್ನು ವಿವರಿಸುತ್ತಾರೆ. ಮುಖ್ಯವಾದವು ನಾಲ್ಕು: ಬಿಳಿ, ಕೆಂಪು, ಕಪ್ಪು, ಹಸಿರು. ನೇರಳೆಯನ್ನು ಅವರು ಕಪ್ಪಿನ ಬಳಗಕ್ಕೆ ಸೇರಿಸಿದ್ದರು. ಪೋಪ್ ಐದನೆಯ ಪಿಯುಸ್ 1570ರಲ್ಲಿ ಹೊರತಂದ ಪೂಜಾಗ್ರಂಥದಲ್ಲಿ ನೇರಳೆಯೂ ಸೇರಿ ಐದು ಬಣ್ಣಗಳು ನಿಯಮವಾದವು. ನೇರಳೆಯನ್ನು ಅರ್ಥ ಮಾಡಿಕೊಳ್ಳಲು ಈ ಹಿನ್ನೆಲೆ ಬೇಕು. ಅದು ಶೋಕದ ಕಪ್ಪಿಗೆ ಹತ್ತಿರ, ಆದರೆ ಕಪ್ಪಲ್ಲ. ಕತ್ತಲಿದೆ, ಬೆಳಕಿನ ನಿರೀಕ್ಷೆಯೂ ಇದೆ. ಜತೆಗೆ ಪ್ರಾಚೀನ ಕಾಲದಲ್ಲಿ ಕಡಲ ಶಂಖದಿಂದ ತೆಗೆಯುತ್ತಿದ್ದ ಧೂಮ್ರವರ್ಣ ರಾಜರ ಉಡುಪಿನದ್ದು. ಸೈನಿಕರು ಯೇಸುವಿಗೆ ಹಾಸ್ಯಕ್ಕಾಗಿ ತೊಡಿಸಿದ ನಿಲುವಂಗಿಯ ನೆನಪೂ ಅದರಲ್ಲಿ ಸೇರಿಕೊಂಡಿದೆ.

ಆಗಮನ ಕಾಲಕ್ಕೂ ತಪಸ್ಸು ಕಾಲಕ್ಕೂ ನಿಯಮದ ಪ್ರಕಾರ ಒಂದೇ ನೇರಳೆ. ಆದರೂ ಎರಡು ಜತೆ ಇಡಲು ಸಾಧ್ಯವಿದ್ದರೆ ಇಡುವುದು ಒಳ್ಳೆಯದು: ಆಗಮನ ಕಾಲಕ್ಕೆ ನೀಲಿಯತ್ತ ವಾಲಿದ ನೇರಳೆ, ತಪಸ್ಸು ಕಾಲಕ್ಕೆ ಕೆಂಪಿನತ್ತ ವಾಲಿದ ಗಾಢ ನೇರಳೆ. ಮೊದಲನೆಯದು ಕಾಯುವ ಕಾಲ, ಎರಡನೆಯದು ತಿರುಗಿ ಬರುವ ಕಾಲ. ಒಂದೇ ಜತೆ ಇದ್ದರೆ ಬಟ್ಟೆ ಹಾಗೇ ಇರಲಿ, ಸುತ್ತಲಿನದು ಬದಲಾಗಲಿ. ಆಗಮನ ಕಾಲದಲ್ಲಿ ಹೂವು ಮಿತವಾಗಿ ಇರಬಹುದು. ತಪಸ್ಸು ಕಾಲದಲ್ಲಿ ನಾಲ್ಕನೆಯ ಭಾನುವಾರ, ಮಹಾಹಬ್ಬ ಮತ್ತು ಹಬ್ಬದ ದಿನಗಳನ್ನು ಬಿಟ್ಟರೆ ಬಲಿಪೀಠಕ್ಕೆ ಹೂವಿಲ್ಲ.

ಹಲವು ಲುಥೆರನ್ ಮತ್ತು ಆಂಗ್ಲಿಕನ್ ಸಭೆಗಳು ಆಗಮನ ಕಾಲಕ್ಕೆ ನೀಲಿಯನ್ನೇ ಬಳಸುತ್ತವೆ. ಕಥೋಲಿಕ ಪದ್ಧತಿಯಲ್ಲಿ ಆಗಮನ ಕಾಲಕ್ಕೆ ನೀಲಿಗೆ ಅವಕಾಶವಿಲ್ಲ. ಸ್ಪೇನಿನಂಥ ಕೆಲವು ಕಡೆ ಅಮಲೋದ್ಭವ ಮಾತೆಯ ಹಬ್ಬಕ್ಕೆ ನೀಲಿ ತೊಡುವ ವಿಶೇಷ ಅನುಮತಿ ಇದೆ, ಆದರೆ ಅದನ್ನು ನೋಡಿ ಎಲ್ಲೆಡೆ ನಕಲು ಮಾಡುವಂತಿಲ್ಲ. ಬಟ್ಟೆ ಕೊಳ್ಳುವಾಗ ನೀಲಿನೇರಳೆ ಎಂದು ತಂದದ್ದು ದೀಪದಡಿ ಅಪ್ಪಟ ನೀಲಿಯಾಗಿ ಕಾಣುವುದುಂಟು. ಬಿಳಿ ಹಾಳೆಯ ಪಕ್ಕದಲ್ಲಿಟ್ಟು ನೋಡಿ, ಕೆಂಪಿನ ಛಾಯೆ ಸ್ವಲ್ಪವಾದರೂ ಕಾಣಬೇಕು.

ಗುಲಾಬಿ ವರ್ಷಕ್ಕೆ ಎರಡೇ ದಿನ, ಅದೂ ಕಡ್ಡಾಯವಲ್ಲ. ಆಗಮನ ಕಾಲದ ಮೂರನೆಯ ಭಾನುವಾರ ಮತ್ತು ತಪಸ್ಸು ಕಾಲದ ನಾಲ್ಕನೆಯ ಭಾನುವಾರ, ಎರಡರ ಪ್ರವೇಶಗೀತೆಯೂ ‘ಆನಂದಿಸಿ’ ಎಂದು ಕರೆ ಕೊಡುತ್ತದೆ. ದೀರ್ಘ ಸಂಯಮದ ನಡುವೆ ಸಿಗುವ ಉಸಿರು ಅದು. ಪೋಪ್‌ಗಳು ಚಿನ್ನದ ಗುಲಾಬಿಯನ್ನು ಆಶೀರ್ವದಿಸುತ್ತಿದ್ದದ್ದು ತಪಸ್ಸು ಕಾಲದ ಈ ಭಾನುವಾರವೇ. ಇಲ್ಲಿ ಬಟ್ಟೆಯ ಆಯ್ಕೆ ಕೆಡುವುದು ಸುಲಭ. ಮಿಠಾಯಿ ಬಣ್ಣದ ಎಳೆಗೆಂಪು ಹಿಡಿದರೆ ನೇರಳೆಯ ಸಂಬಂಧವೇ ಕಡಿದುಹೋಗುತ್ತದೆ. ನೇರಳೆಯಲ್ಲಿ ಬಿಳಿ ಬೆರೆತಂತೆ ಕಾಣುವ, ಸ್ವಲ್ಪ ಮಾಸಿದ ಗುಲಾಬಿ ಬೇಕು. ಒಳ್ಳೆಯದು ಸಿಗದಿದ್ದರೆ ನೇರಳೆಯಲ್ಲೇ ಮುಂದುವರಿಯಿರಿ. ಕೆಟ್ಟ ಗುಲಾಬಿಗಿಂತ ಅದು ಲೇಸು.

ಆಗಮನ ಕಾಲದ ಮೇಣದ ಬತ್ತಿಯ ಮಾಲೆಗೂ ಇದೇ ಬಣ್ಣ: ಮೂರು ನೇರಳೆ, ಒಂದು ಗುಲಾಬಿ. ಗುಲಾಬಿ ಬತ್ತಿಯನ್ನು ಹಚ್ಚುವುದು ಮೂರನೆಯ ಭಾನುವಾರ. ಬೇರೆ ಬಣ್ಣವಿದೆಯೆಂದು ಅದನ್ನು ಕೊನೆಗೆ ಉಳಿಸುವುದು ಸಾಮಾನ್ಯ ತಪ್ಪು. ಈ ಮಾಲೆಯ ಪದ್ಧತಿ ಅಷ್ಟೇನೂ ಪುರಾತನವಲ್ಲ. ಹ್ಯಾಂಬರ್ಗಿನಲ್ಲಿ ಯೊಹಾನ್ ಹಿನ್ರಿಕ್ ವಿಖರ್ನ್ ಎಂಬ ಲುಥೆರನ್ ಪಾಲಕರು ತಾವು ಸಾಕುತ್ತಿದ್ದ ಮಕ್ಕಳಿಗೆ ದಿನ ಎಣಿಸಲೆಂದು 1839ರಲ್ಲಿ ಮಾಡಿದ್ದು ಅದರ ಮೊದಲ ರೂಪ. ಅದರಲ್ಲಿ ದಿನದ ಬತ್ತಿಗಳು ಕೆಂಪು, ಭಾನುವಾರದ ನಾಲ್ಕು ದೊಡ್ಡ ಬತ್ತಿಗಳು ಬಿಳಿ.

ಪವಿತ್ರ ವಾರ

ವರ್ಷದಲ್ಲಿ ಅತಿ ಹೆಚ್ಚು ತಪ್ಪಾಗುವುದೂ, ಸರಿಯಾಗಿ ಮಾಡಿದರೆ ಅತಿ ಆಳವಾಗಿ ತಟ್ಟುವುದೂ ಈ ಎಂಟು ದಿನ. ಇಲ್ಲಿ ಆತುರ ಬೇಡ, ಬೇಕಾದದ್ದನ್ನೆಲ್ಲ ಹಿಂದಿನ ವಾರವೇ ಮಡಿಸಿ ಹೆಸರು ಬರೆದು ಇಟ್ಟುಕೊಳ್ಳಿ.

ತಪಸ್ಸು ಕಾಲದ ಐದನೆಯ ಭಾನುವಾರದಿಂದ ಶಿಲುಬೆ ಮತ್ತು ಪ್ರತಿಮೆಗಳಿಗೆ ನೇರಳೆ ಮುಸುಕು ಹಾಕುವ ಪದ್ಧತಿ ಕೆಲವು ಕಡೆ ಉಳಿದಿದೆ. ಹಾಕುವುದಾದರೆ ತೆಗೆಯುವ ಸಮಯವೂ ಗೊತ್ತಿರಬೇಕು: ಶಿಲುಬೆಯ ಮುಸುಕು ಶುಭ ಶುಕ್ರವಾರದ ಆರಾಧನೆ ಮುಗಿಯುವ ತನಕ, ಪ್ರತಿಮೆಗಳದ್ದು ಪಾಸ್ಖ ಜಾಗರಣೆ ಆರಂಭವಾಗುವ ತನಕ. ಬಟ್ಟೆಯ ಅಂಚಿಗೆ ಸೂಜಿ ಚುಚ್ಚಬೇಡಿ. ಕೆಳಗೆ ಬಿಗಿದು ಕಟ್ಟಲು ಅದೇ ಬಣ್ಣದ ಲಾಡಿ ಹೊಲಿಸಿಡಿ. ಹೊಳೆಯುವ ಸ್ಯಾಟಿನ್ ಒಳಗಿನ ಆಕಾರವನ್ನು ಎತ್ತಿ ತೋರಿಸುತ್ತದೆ, ಮಂಕಾದ ಹತ್ತಿ ಅಥವಾ ನಾರುಬಟ್ಟೆ ಮರೆಸುತ್ತದೆ.

ಗರಿಗಳ ಭಾನುವಾರ ಕೆಂಪು. ಮೊದಲು ಮೆರವಣಿಗೆಗೂ ಬಲಿಪೂಜೆಗೂ ನೇರಳೆಯೇ ಇತ್ತು. ಪೋಪ್ ಹನ್ನೆರಡನೆಯ ಪಿಯುಸ್ 1955ರಲ್ಲಿ ಪವಿತ್ರ ವಾರದ ವಿಧಿಯನ್ನು ಪರಿಷ್ಕರಿಸಿದಾಗ ಮೆರವಣಿಗೆಗೆ ಕೆಂಪು ಬಂತು, ಬಲಿಪೂಜೆ ನೇರಳೆಯಲ್ಲೇ ಉಳಿಯಿತು. 1970ರ ಪೂಜಾಗ್ರಂಥದಲ್ಲಿ ಎರಡೂ ಕೆಂಪಾದವು. ಹಳೆಯ ಪುಸ್ತಕ ನೋಡಿ ನೇರಳೆ ಹಾಕುವವರು ಎಡವುವುದು ಈ ಕಾರಣಕ್ಕೆ. ಮರುದಿನದಿಂದ ಮೂರು ದಿನ, ಸೋಮ, ಮಂಗಳ, ಬುಧ, ಮತ್ತೆ ನೇರಳೆ. ಕೆಲವು ಲುಥೆರನ್, ಆಂಗ್ಲಿಕನ್ ಸಭೆಗಳಲ್ಲಿ ಗರಿಗಳ ಭಾನುವಾರದ ಕಡುಗೆಂಪೇ ವಾರವಿಡೀ ಮುಂದುವರಿಯುತ್ತದೆ.

ಪವಿತ್ರ ಗುರುವಾರ ಸಂಜೆ ಬಿಳಿ. ಪರಮಪ್ರಸಾದದ (ಯೇಸುವಿನ ಶರೀರ, ರಕ್ತವೆಂದು ಸ್ವೀಕರಿಸುವ ರೊಟ್ಟಿ, ದ್ರಾಕ್ಷಾರಸದ) ಸ್ಥಾಪನೆಯ ದಿನವಾದ್ದರಿಂದ ಶೋಕದ ಬಣ್ಣವಿಲ್ಲ. ಬಲಿಪೂಜೆ ಮುಗಿದು ಪರಮಪ್ರಸಾದವನ್ನು ಬೇರೆಡೆಗೆ ಒಯ್ದ ಮೇಲೆ ಬಲಿಪೀಠವನ್ನು ಬರಿದು ಮಾಡಬೇಕು: ಹೊದಿಕೆ, ಮುಂದಿನ ಬಟ್ಟೆ, ಬತ್ತಿ, ಎಲ್ಲವೂ. ಆಗ ಬಣ್ಣವೇ ಇಲ್ಲ. ಆ ಬರಿದುತನವನ್ನು ತುಂಬಲು ಯಾರಾದರೂ ಕಪ್ಪು ಬಟ್ಟೆ ಹಾಸೋಣ ಎಂದರೆ ಬೇಡವೆನ್ನಿ.

ಶುಭ ಶುಕ್ರವಾರ ಗುರುಗಳ ಪೂಜಾವಸ್ತ್ರ ಕೆಂಪು, ಬಲಿಪೀಠ ಮಾತ್ರ ಬರಿದಾಗಿಯೇ ಇರುತ್ತದೆ. ಪರಮಪ್ರಸಾದ ಹಂಚುವ ಹೊತ್ತಿಗೆ ಒಂದು ಬಿಳಿ ಹೊದಿಕೆ ಹಾಸಿ, ಆರಾಧನೆ ಮುಗಿದ ಮೇಲೆ ಮತ್ತೆ ತೆಗೆಯುತ್ತಾರೆ. 1970ಕ್ಕೆ ಮೊದಲು ಈ ದಿನದ ಬಣ್ಣ ಕಪ್ಪು. ಈಗಲೂ ಹಲವು ಪ್ರೊಟೆಸ್ಟೆಂಟ್ ಸಭೆಗಳು ಕಪ್ಪನ್ನು ಬಳಸುತ್ತವೆ ಅಥವಾ ಯಾವ ಬಟ್ಟೆಯನ್ನೂ ಹಾಕುವುದಿಲ್ಲ. ಕಪ್ಪು ಸಾವನ್ನು ಎತ್ತಿ ಹೇಳುತ್ತದೆ, ಕೆಂಪು ಆ ಸಾವನ್ನು ರಕ್ತಸಾಕ್ಷಿಯ ವಿಜಯವಾಗಿ ಕಾಣುತ್ತದೆ. ಎರಡೂ ಕೆಂಪು ಒಂದೇ ಥರ ಇರಬೇಕಿಲ್ಲ ಎಂಬುದೂ ಇಲ್ಲೇ ನೆನಪಿಡಬೇಕಾದದ್ದು. ಯಾತನೆಯ ದಿನಗಳಿಗೆ ಕಂದುಛಾಯೆಯ ಕಡುಗೆಂಪು, ಪೆಂತೆಕೋಸ್ತಿಗೆ ಕಿತ್ತಳೆಯ ಕಿಡಿಯಿರುವ ಉರಿಗೆಂಪು ಒಪ್ಪುತ್ತದೆ. ಒಂದೇ ಕೆಂಪು ಇದ್ದರೆ ಅದರ ಮೇಲೆ ಪಾರಿವಾಳ ಅಥವಾ ಜ್ವಾಲೆಯ ಕಸೂತಿ ಹಾಕಿಸಬೇಡಿ, ಶುಭ ಶುಕ್ರವಾರಕ್ಕೂ ರಕ್ತಸಾಕ್ಷಿಗಳ ಹಬ್ಬಕ್ಕೂ ಅದು ಬೇಕಾಗುತ್ತದೆ. ಸರಳ ಶಿಲುಬೆಯಿದ್ದರೆ ಎಲ್ಲಕ್ಕೂ ಹೊಂದುತ್ತದೆ.

ಪವಿತ್ರ ಶನಿವಾರ ಹಗಲೆಲ್ಲ ಬಲಿಪೀಠ ಬರಿದು. ರಾತ್ರಿಯ ಜಾಗರಣೆಗೆ ಬಿಳಿ. ಇದ್ದರೆ ಚಿನ್ನದ ಬಣ್ಣದ್ದನ್ನೇ ತೆಗೆಯಿರಿ. ರಷ್ಯನ್ ಆರ್ಥೊಡಾಕ್ಸ್ ಸಭೆಯಲ್ಲಿ ಶನಿವಾರದ ಆರಾಧನೆಯ ನಡುವೆಯೇ, ಶುಭಸಂದೇಶ ವಾಚನಕ್ಕೆ ಮೊದಲು, ಕಡುಬಣ್ಣದ ವಸ್ತ್ರಗಳನ್ನೆಲ್ಲ ತೆಗೆದು ಬಿಳಿಯವನ್ನು ಹಾಕುತ್ತಾರೆ. ಪೆಂತೆಕೋಸ್ತಿಗೆ ಅವರದು ಹಸಿರು. ಪಾಶ್ಚಾತ್ಯ ಪಟ್ಟಿಯನ್ನು ಅಲ್ಲಿಗೆ ಅನ್ವಯಿಸಬಾರದು.

ಬಿಳಿ, ಕೆಂಪು, ಹಸಿರು

ಪಾಸ್ಖದ ಬಿಳಿ ಪೆಂತೆಕೋಸ್ತಿನ ಹಿಂದಿನ ದಿನದವರೆಗೂ ಸಾಗುತ್ತದೆ. ಹೊಸದಾಗಿ ದೀಕ್ಷಾಸ್ನಾನ ಪಡೆದವರು ಪ್ರಾಚೀನ ಸಭೆಯಲ್ಲಿ ಎಂಟು ದಿನ ಬಿಳಿ ಉಡುಪಿನಲ್ಲೇ ಇರುತ್ತಿದ್ದರು. ಬಿಳಿಗೆ ಆನಂದ ಎಂಬ ಅರ್ಥ ಬಂದದ್ದು ಹೆಚ್ಚಾಗಿ ಆ ಉಡುಪಿನಿಂದ, ರೂಪಾಂತರದ ಬೆಟ್ಟದಲ್ಲಿ ಬೆಳಗಿದ ಯೇಸುವಿನ ವಸ್ತ್ರದಿಂದ. ಕ್ರಿಸ್ಮಸ್ ಕಾಲ, ಯಾತನೆಗೆ ಸಂಬಂಧಪಡದ ಪ್ರಭುವಿನ ಹಬ್ಬಗಳು, ಮರಿಯಮ್ಮನವರ ಹಬ್ಬಗಳು, ದೇವದೂತರು, ರಕ್ತಸಾಕ್ಷಿಗಳಲ್ಲದ ಸಂತರು, ನವೆಂಬರ್ 1ರ ಸಕಲ ಸಂತರ ಹಬ್ಬ, ಜೂನ್ 24ರ ಸ್ನಾನಿಕ ಯೊವಾನ್ನರ ಜನನ, ಇವೆಲ್ಲಕ್ಕೂ ಬಿಳಿ.

ಪ್ರೇಷಿತರ ಮತ್ತು ಶುಭಸಂದೇಶಕಾರರ ಹಬ್ಬಗಳಿಗೆ ಕೆಂಪು, ಒಬ್ಬರನ್ನು ಬಿಟ್ಟು. ಡಿಸೆಂಬರ್ 27ರ ಸಂತ ಯೊವಾನ್ನರಿಗೆ ಬಿಳಿ, ಏಕೆಂದರೆ ಪರಂಪರೆಯ ಪ್ರಕಾರ ಅವರು ಕೊಲೆಗೀಡಾಗದೆ ಸಹಜವಾಗಿ ತೀರಿಕೊಂಡರು. ಪೌಲರ ಮನಪರಿವರ್ತನೆಯ ಹಬ್ಬ (ಜನವರಿ 25) ಮತ್ತು ಪೇತ್ರರ ಪೀಠದ ಹಬ್ಬ (ಫೆಬ್ರವರಿ 22) ಕೂಡ ಬಿಳಿ. ಅಲ್ಲಿ ಸ್ಮರಿಸುವುದು ಅವರ ಮರಣವನ್ನಲ್ಲ. ಇಬ್ಬರ ಮರಣವನ್ನು ಸ್ಮರಿಸುವ ಜೂನ್ 29ಕ್ಕೆ ಕೆಂಪು. ಸಂದೇಹ ಬಂದಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ: ಈ ದಿನ ಸ್ಮರಿಸುವುದು ಯಾವ ಘಟನೆಯನ್ನು? ಸೆಪ್ಟೆಂಬರ್ 14ರ ಪವಿತ್ರ ಶಿಲುಬೆಯ ಹಬ್ಬ ಕೆಂಪು, ಆಗಸ್ಟ್ 6ರ ರೂಪಾಂತರ ಬಿಳಿ. ಲುಥೆರನ್ ಸಭೆಗಳಲ್ಲಿ ಅಕ್ಟೋಬರ್ 31ರ ಸುಧಾರಣಾ ದಿನಕ್ಕೂ ಕೆಂಪು ಬಳಸುತ್ತಾರೆ.

ಹಸಿರಿನ ಬಗ್ಗೆ ಒಂದು ತಪ್ಪು ತಿಳುವಳಿಕೆ ಇದೆ. ಬೆಳವಣಿಗೆ, ಭರವಸೆ ಎಂಬ ವಿವರಣೆ ಚೆನ್ನಾಗಿದೆ, ಆದರೆ ಇನ್ನೊಸೆಂಟ್ ಕೊಟ್ಟ ಕಾರಣ ಬೇರೆ. ಬಿಳಿ, ಕಪ್ಪು, ಕೆಂಪು, ಈ ಮೂರರ ನಡುವಿನ ಬಣ್ಣ ಹಸಿರು, ಆದ್ದರಿಂದ ವಿಶೇಷವಿಲ್ಲದ ದಿನಗಳಿಗೆ ಅದು ಎಂದರು ಅವರು. ಈ ಕಾರಣ ಇಂದಿಗೂ ಉಪಯುಕ್ತ. ಹಸಿರು ಇರುವುದರಿಂದಲೇ ಉಳಿದ ಬಣ್ಣಗಳು ಎದ್ದು ಕಾಣುತ್ತವೆ, ಹಾಗಾಗಿ ಹಸಿರನ್ನು ಅತಿಯಾಗಿ ಅಲಂಕರಿಸಬೇಡಿ. ವರ್ಷದಲ್ಲಿ 33 ಅಥವಾ 34 ವಾರ ಇದೇ ಬಲಿಪೀಠದ ಮೇಲಿರುವುದರಿಂದ, ಅತಿ ಗಟ್ಟಿಯಾದ, ಬಣ್ಣ ಕಳೆಯದ ಬಟ್ಟೆಯನ್ನು ಇದಕ್ಕೇ ಆರಿಸಿ. ಮಿಲಾನಿನ ಅಂಬ್ರೋಸಿಯನ್ ವಿಧಿಯಲ್ಲಿ ಪೆಂತೆಕೋಸ್ತಿನ ನಂತರ ತಿಂಗಳುಗಟ್ಟಲೆ ಕೆಂಪೇ ಇರುತ್ತದೆ, ಹಸಿರು ಬರುವುದು ಅಕ್ಟೋಬರ್‌ನಲ್ಲಿ.

ಸತ್ತವರ ಬಲಿಪೂಜೆಗೆ ಮತ್ತು ನವೆಂಬರ್ 2ಕ್ಕೆ ನೇರಳೆ, ಪದ್ಧತಿಯಿರುವಲ್ಲಿ ಕಪ್ಪು, ಅನುಮತಿಯಿರುವ ನಾಡುಗಳಲ್ಲಿ ಬಿಳಿ. ಕುಟುಂಬಕ್ಕೆ ಯಾವುದು ಸಾಂತ್ವನ ಎಂಬುದನ್ನು ಗುರುಗಳು ನಿರ್ಧರಿಸಲಿ. ಪಾಪನಿವೇದನೆಗೆ ನೇರಳೆ ಸ್ಟೋಲ್ (ಗುರುಗಳು ಕುತ್ತಿಗೆಯಿಂದ ಇಳಿಬಿಡುವ ಉದ್ದನೆಯ ಪಟ್ಟಿ), ದೀಕ್ಷಾಸ್ನಾನ ಮತ್ತು ವಿವಾಹಕ್ಕೆ ಬಿಳಿ, ದೃಢೀಕರಣಕ್ಕೆ ಕೆಂಪು ಅಥವಾ ಬಿಳಿ.

ಎರಡು ದಿನ ಒಂದರ ಮೇಲೊಂದು ಬಿದ್ದಾಗ

ಮಹಾಹಬ್ಬ, ಹಬ್ಬ, ಸ್ಮರಣೆ ಎಂಬ ಮೂರು ಅಂತಸ್ತು ಇವೆ. ಆಗಮನ ಕಾಲ, ತಪಸ್ಸು ಕಾಲ, ಪಾಸ್ಖ ಕಾಲದ ಭಾನುವಾರಗಳನ್ನು ಯಾವುದೂ ಮೀರುವುದಿಲ್ಲ. ಅಂಥ ಭಾನುವಾರ ಮಹಾಹಬ್ಬ ಬಿದ್ದರೆ ಸಾಮಾನ್ಯವಾಗಿ ಹಬ್ಬವೇ ಬೇರೆ ದಿನಕ್ಕೆ ಸರಿಯುತ್ತದೆ. ಹಸಿರಿನ ಭಾನುವಾರಗಳನ್ನು ಮಹಾಹಬ್ಬಗಳೂ ಪ್ರಭುವಿನ ಹಬ್ಬಗಳೂ ಮೀರುತ್ತವೆ. 2027ರ ಆಗಸ್ಟ್ 15 ಭಾನುವಾರ. ಮರಿಯಮ್ಮನವರ ಸ್ವರ್ಗಸ್ವೀಕಾರದ ಮಹಾಹಬ್ಬವಾದ್ದರಿಂದ ಅಂದು ಬಿಳಿ. 2026ರ ಡಿಸೆಂಬರ್ 27 ಕೂಡ ಭಾನುವಾರ. ಅಂದು ಪವಿತ್ರ ಕುಟುಂಬದ ಹಬ್ಬ, ಯೊವಾನ್ನರ ಹಬ್ಬ ಆ ವರ್ಷ ಬಿಟ್ಟುಹೋಗುತ್ತದೆ. ಎರಡಕ್ಕೂ ಬಿಳಿಯೇ ಆದ್ದರಿಂದ ಬಟ್ಟೆಗೆ ತೊಂದರೆಯಿಲ್ಲ. ಹಿಂದಿನ ದಿನದ ಸ್ತೆಫಾನರಿಗೂ ಮರುದಿನದ ಪವಿತ್ರ ಶಿಶುಗಳಿಗೂ ಮಾತ್ರ ಕೆಂಪು ತೆಗೆಯಬೇಕು.

2027ರಲ್ಲೇ ಇನ್ನೊಂದು ಸಿಕ್ಕಿದೆ. ಮಾರ್ಚ್ 25ರ ಮಂಗಳವಾರ್ತೆ ಹಬ್ಬ ಪವಿತ್ರ ಗುರುವಾರದ ಮೇಲೆ ಬೀಳುತ್ತದೆ. ಪವಿತ್ರ ವಾರದಲ್ಲಾಗಲಿ ಪಾಸ್ಖದ ಎಂಟು ದಿನದಲ್ಲಾಗಲಿ ಅದನ್ನು ಆಚರಿಸುವಂತಿಲ್ಲ, ಹೀಗಾಗಿ ಏಪ್ರಿಲ್ 5ರ ಸೋಮವಾರಕ್ಕೆ ಹೋಗುತ್ತದೆ. ತಪಸ್ಸು ಕಾಲದ ನಡುವೆ ಬರುವ ಫೆಬ್ರವರಿ 22ರ ಪೇತ್ರರ ಪೀಠದ ಹಬ್ಬಕ್ಕೂ ಮಾರ್ಚ್ 19ರ ಸಂತ ಜೋಸೆಫರ ಹಬ್ಬಕ್ಕೂ ಒಂದೊಂದು ದಿನ ಬಿಳಿ. ಒಂದೇ ದಿನಕ್ಕಾಗಿ ಬಲಿಪೀಠದ ಬಟ್ಟೆಯನ್ನೂ ಬದಲಿಸಬೇಕೇ? ಮಹಾಹಬ್ಬಕ್ಕೆ ಬದಲಿಸಿ. ವಾರದ ದಿನದ ಸಾಮಾನ್ಯ ಹಬ್ಬಕ್ಕೆ ಪೂಜಾವಸ್ತ್ರ ಬದಲಾದರೆ ಸಾಕು ಎಂಬುದು ನಮ್ಮ ಅಭಿಪ್ರಾಯ. ಮತ್ತೆ ಮತ್ತೆ ಎಳೆದಾಡಿದರೆ ಬಟ್ಟೆ ಬೇಗ ಹಾಳಾಗುತ್ತದೆ.

ಬಟ್ಟೆ

ಬಣ್ಣ ಬರುವುದು ಎಲ್ಲಿ, ಬರಬಾರದ್ದು ಎಲ್ಲಿ ಎಂದು ಮೊದಲು ತಿಳಿಯಬೇಕು. ಬಲಿಪೀಠದ ಅತಿ ಮೇಲಿನ ಹೊದಿಕೆ ವರ್ಷವಿಡೀ ಬಿಳಿ. ಅದರ ಕೆಳಗೆ, ಮುಂಭಾಗದಲ್ಲಿ ಇಳಿಬೀಳುವ ಬಟ್ಟೆಗೆ ಕಾಲದ ಬಣ್ಣ. ಪಾನಪಾತ್ರೆಯ ಮುಸುಕು ದಿನದ ಬಣ್ಣದ್ದಾಗಬಹುದು, ಬಿಳಿಯೂ ಆಗಬಹುದು. ಪಾತ್ರೆಯ ಕೆಳಗೆ ಹಾಸುವ ಚೌಕ ಮತ್ತು ಒರೆಸುವ ಬಟ್ಟೆ ಯಾವಾಗಲೂ ಬಿಳಿ. ವಾಚನಪೀಠದ ಬಟ್ಟೆ, ಗುರುಗಳ ಸ್ಟೋಲ್, ಮೇಲೆ ತೊಡುವ ಪೂಜಾವಸ್ತ್ರ, ಇವೆಲ್ಲ ಒಂದೇ ಬಣ್ಣದಲ್ಲಿ ಹೊಂದಬೇಕು. ಕೊಳ್ಳುವ ಅನುಕೂಲ ಕಡಿಮೆಯಿದ್ದರೆ ಬಿಳಿ, ಹಸಿರು, ನೇರಳೆ, ಕೆಂಪು ಎಂಬ ಕ್ರಮದಲ್ಲಿ ಕೂಡಿಸಿ. ಗುಲಾಬಿ, ಕಪ್ಪು ಆಮೇಲೆ.

ಮುಂಭಾಗದ ಬಟ್ಟೆಗೆ ಅಳತೆ ಹೀಗೆ. ಬಲಿಪೀಠ 180 ಸೆಂ.ಮೀ. ಉದ್ದ, 75 ಸೆಂ.ಮೀ. ಅಗಲ, 98 ಸೆಂ.ಮೀ. ಎತ್ತರ ಎಂದುಕೊಳ್ಳಿ. ಸಿದ್ಧ ಅಳತೆ 178 × 95: ಎರಡು ಬದಿ ಒಂದೊಂದು ಸೆಂ.ಮೀ. ಒಳಗೆ, ನೆಲದಿಂದ 3 ಸೆಂ.ಮೀ. ಮೇಲೆ. ನೆಲಕ್ಕೆ ತಾಗಿದರೆ ಒರೆಸುವ ನೀರು ಹೀರಿ ಅಂಚು ಕಪ್ಪಾಗುತ್ತದೆ. ಬದಿಗಳಿಗೆ 4 ಸೆಂ.ಮೀ.ಯಂತೆ, ಕೆಳಗೆ 8, ಮೇಲೆ 2 ಸೇರಿಸಿದರೆ ಕತ್ತರಿಸುವ ಅಳತೆ 186 × 105. ಮೇಲಂಚಿಗೆ 75 ಸೆಂ.ಮೀ. ಅಗಲದ ಸಾದಾ ಗಟ್ಟಿ ಬಟ್ಟೆಯನ್ನು ಜೋಡಿಸಿ ಬಲಿಪೀಠದ ಮೇಲೆ ಹಾಸಿ, ಅದರ ಹಿಂಬದಿಯ ಮಡಿಕೆಯೊಳಗೆ ಒಂದು ಚಪ್ಪಟೆ ಲೋಹದ ಪಟ್ಟಿ ತೂರಿಸಿ. ಆ ಭಾರ ಮುಂದಿನ ಬಟ್ಟೆ ಜಾರದಂತೆ ಹಿಡಿಯುತ್ತದೆ. ಬಿಳಿ ಹೊದಿಕೆ ಇದರ ಮೇಲೆ ಬರುತ್ತದೆ.

150 ಸೆಂ.ಮೀ. ಪನ್ನದ ಬಟ್ಟೆಯಲ್ಲಿ 186 ಸಿಗುವುದಿಲ್ಲ. ಸಾದಾ ಬಟ್ಟೆಯಾದರೆ ಅಡ್ಡಕ್ಕೆ ತಿರುಗಿಸಿ ಕತ್ತರಿಸಿ, ಜೋಡಣೆಯೇ ಬೇಡ. ನೇಯ್ಗೆಯಲ್ಲೇ ಶಿಲುಬೆ ಮೂಡಿರುವ ಬಟ್ಟೆಯಾದರೆ ಅದು ಅಡ್ಡ ಮಲಗುತ್ತದೆ. ಆಗ ನಡುವೆ ಇಡೀ ಪನ್ನ ಬಿಟ್ಟು ಎರಡು ಬದಿಗೆ ಸಮನಾದ ತುಂಡು ಸೇರಿಸಿ. ನಟ್ಟನಡುವೆ ಜೋಡಣೆಯ ಗೆರೆ ಬಂದರೆ ಎಷ್ಟು ಇಸ್ತ್ರಿ ಮಾಡಿದರೂ ಮರೆಯಾಗುವುದಿಲ್ಲ. ಒಳಪದರವನ್ನು ಕೆಳಗೆ ಬಿಡಿಯಾಗಿಯೇ ಬಿಡಿ. ಎರಡು ಬಟ್ಟೆ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುವುದರಿಂದ, ಹೊಲಿದರೆ ಮುಂಭಾಗ ಸುಕ್ಕಾಗುತ್ತದೆ. ನಾರುಬಟ್ಟೆಯನ್ನು ಮುಂದೆ ಯಾವ ಬಿಸಿಯಲ್ಲಿ ಒಗೆಯುತ್ತೀರೋ ಅದೇ ಬಿಸಿನೀರಲ್ಲಿ ಒಮ್ಮೆ ಒಗೆದ ಮೇಲೆಯೇ ಕತ್ತರಿಸಿ.

ಸ್ಟೋಲ್ ಹೊಲಿಸುವುದಾದರೆ ಒಟ್ಟು ಉದ್ದ 250ರಿಂದ 280 ಸೆಂ.ಮೀ., ಅಗಲ 10ರಿಂದ 12 ಸೆಂ.ಮೀ. ಕುತ್ತಿಗೆಯ ಹಿಂದೆ ಜೋಡಣೆ ಓರೆಯಾಗಿರಲಿ, ನೇರ ಪಟ್ಟಿ ಹೆಗಲಿನಿಂದ ಜಾರುತ್ತದೆ.

ಬಣ್ಣವನ್ನು ಅಂಗಡಿಯ ದೀಪದಲ್ಲಿ ಆರಿಸಬೇಡಿ. ಒಂದು ಅಡಿಯ ತುಂಡು ತಂದು ಬಲಿಪೀಠದ ಮೇಲೆ ಹಾಸಿ, ಬೆಳಗ್ಗೆ ಮತ್ತು ರಾತ್ರಿ ಕೊನೆಯ ಸಾಲಿನಿಂದ ನೋಡಿ. 2700–3000 ಕೆಲ್ವಿನ್‌ನ ಹಳದಿ ಬೆಳಕಿನಲ್ಲಿ ನೀಲಿಯ ಅಂಶ ಕಡಿಮೆ, ಅದರಡಿ ನೇರಳೆ ಕಂದಾಗುತ್ತದೆ, ಕಡುಹಸಿರು ಕಪ್ಪಾಗುತ್ತದೆ. 4000 ಕೆಲ್ವಿನ್ ಆಸುಪಾಸಿನ, ಬಣ್ಣ ತೋರುವ ಸೂಚ್ಯಂಕ 90ಕ್ಕಿಂತ ಮೇಲಿರುವ ದೀಪ ಬಲಿಪೀಠದ ಮೇಲೆ ಇದ್ದರೆ ಐದು ಬಣ್ಣವೂ ತಮ್ಮ ಬಣ್ಣದಲ್ಲೇ ಕಾಣುತ್ತವೆ. ಬಿಳಿಗೆ ಹೊಳೆಯುವ ನೀಲಿಬಿಳಿ ಬೇಡ. ಮೇಲಿನ ಹೊದಿಕೆಯ ಜತೆ ಕೆನೆಬಣ್ಣ ಚೆನ್ನಾಗಿ ಹೊಂದುತ್ತದೆ.

ಜೋಪಾನ

ನೇರಳೆ ಬಿಸಿಲಿಗೆ ಬೇಗ ಸೋಲುತ್ತದೆ, ಅದರಲ್ಲೂ ರೇಷ್ಮೆಯಾದರೆ. ಕಿಟಕಿಯ ಬಿಸಿಲು ಬೀಳುವ ಮೂಲೆ ಮಾತ್ರ ಬಿಳಚಿಕೊಳ್ಳುತ್ತದೆ, ಮತ್ತೆ ಬಣ್ಣ ಹಾಕಿಸಿದರೂ ಸಮವಾಗುವುದಿಲ್ಲ. ವಾರದ ದಿನಗಳಲ್ಲಿ ಹಗಲು ಮೇಲೆ ಒಂದು ಹಳೆಯ ಹತ್ತಿ ಬಟ್ಟೆ ಹೊದಿಸಿ.

ಮುಂಭಾಗದ ಬಟ್ಟೆಯನ್ನು ಮಡಿಸಬೇಡಿ, 10 ಸೆಂ.ಮೀ. ದಪ್ಪದ ಕೊಳವೆಗೆ ಒಗೆದ ಬಿಳಿ ಹತ್ತಿ ಸುತ್ತಿ ಅದರ ಮೇಲೆ ಸುರುಳಿ ಮಾಡಿ, ಕಸೂತಿ ಹೊರಮುಖವಾಗಿರಲಿ. ಪ್ಲಾಸ್ಟಿಕ್ ಚೀಲ ತೇವವನ್ನು ಒಳಗೇ ಹಿಡಿದು ಬೂಷ್ಟು ತರುತ್ತದೆ, ಜರಿಯನ್ನು ಕಪ್ಪಾಗಿಸುತ್ತದೆ. ಭಾರದ ಕಸೂತಿಯ ಪೂಜಾವಸ್ತ್ರವನ್ನು ಹ್ಯಾಂಗರಿಗೆ ಹಾಕಿದರೆ ಹೆಗಲು ಹರಿಯುತ್ತದೆ; ಅಗಲ ಸೆಳೆಗೂಡಿನಲ್ಲಿ ಮಲಗಿಸಿ, ಮಡಿಕೆಯೊಳಗೆ ಬಟ್ಟೆಯ ಸುರುಳಿ ಇಟ್ಟು, ಕೆಲವು ತಿಂಗಳಿಗೊಮ್ಮೆ ಮಡಿಕೆಯ ಜಾಗ ಬದಲಿಸಿ.

ಮೇಣ ಬಿದ್ದರೆ ಆಗಲೇ ಉಜ್ಜಬೇಡಿ. ಮಂಜುಗಡ್ಡೆಯನ್ನು ಚೀಲದಲ್ಲಿಟ್ಟು ಗಟ್ಟಿಯಾಗಿಸಿ, ಮೊಂಡು ಚಾಕುವಿನ ಬೆನ್ನಿಂದ ಎಬ್ಬಿಸಿ. ಉಳಿದದ್ದನ್ನು ಮೇಲೆ ಕೆಳಗೆ ಅಚ್ಚಿಲ್ಲದ ಹೀರುಕಾಗದವಿಟ್ಟು ಕಡಿಮೆ ಬಿಸಿಯ ಇಸ್ತ್ರಿಯಿಂದ ಒತ್ತಿ, ಕಾಗದ ಬದಲಿಸುತ್ತ ಹೋಗಿ. ನೇರಳೆ, ಗುಲಾಬಿ ಬತ್ತಿಯ ಮೇಣಕ್ಕೆ ಇಸ್ತ್ರಿ ತಾಗಿಸಬೇಡಿ. ಮೇಣ ಹೋಗಿ ಬಣ್ಣ ಎಳೆಯೊಳಗೆ ಉಳಿಯುತ್ತದೆ. ಅಂಥದ್ದಕ್ಕೆ ಹಿಂಬದಿಯ ಅಂಚಿನಲ್ಲಿ ಪರೀಕ್ಷಿಸಿ, ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಮೆಲ್ಲಗೆ ತಟ್ಟಿ. ಪಾನಪಾತ್ರೆ ಒರೆಸುವ ಬಟ್ಟೆಯನ್ನು ಮೊದಲು ಬರೀ ನೀರಿನಲ್ಲಿ ನೆನೆಸಿ, ಆ ನೀರನ್ನು ಚರಂಡಿಗೆ ಬಿಡದೆ ಮಣ್ಣಿಗೆ ಸುರಿದು, ಆಮೇಲೆಯೇ ಸೋಪಿನಲ್ಲಿ ಒಗೆಯಿರಿ.

ಬದಲಿಸುವ ದಿನ ಮೊದಲು ಬತ್ತಿ, ಪುಸ್ತಕ, ಹೂದಾನಿ ಕೆಳಗಿಳಿಸಿ, ನಂತರ ಬಿಳಿ ಹೊದಿಕೆಯನ್ನು ಒಳಮುಖವಾಗಿ ಮಡಿಸಿ ತುಣುಕು, ಧೂಳು ಚೆಲ್ಲದಂತೆ ಎತ್ತಿ. ಹಳೆಯ ಬಣ್ಣವನ್ನು ಕೊಳವೆಗೆ ಸುತ್ತುವ ಮುನ್ನ ಮೇಣ, ಹರಿದ ಎಳೆ, ಸಡಿಲವಾದ ಅಂಚು ನೋಡಿ ಚೀಟಿಯಲ್ಲಿ ಬರೆದು ಕಟ್ಟಿ. ಮುಂದಿನ ಬಾರಿ ಅದನ್ನು ಬಿಚ್ಚುವ ಹೊತ್ತಿಗೆ ಹೊಲಿಯಲು ಸಮಯವಿರುವುದಿಲ್ಲ. ಹೊಸದನ್ನು ಹಾಕಿದ ಮೇಲೆ ಬಾಗಿಲ ಬಳಿ ನಿಂತು ಅಂಚು ನೆಲಕ್ಕೆ ಸಮವಾಗಿದೆಯೇ ನೋಡಿ. ವಾಚನಪೀಠ, ಪರಮಪ್ರಸಾದ ಪೆಟ್ಟಿಗೆಯ ಮುಸುಕು, ಪುಸ್ತಕದ ಪಟ್ಟಿ, ಸ್ಯಾಕ್ರಿಸ್ಟಿಯ ಮೇಜಿನ ಮೇಲೆ ಬಿಡಿಸಿಟ್ಟ ಪೂಜಾವಸ್ತ್ರ, ನಾಲ್ಕೂ ಬದಲಾಗಿವೆಯೇ ಎಂದು ಒಂದೊಂದಾಗಿ ಮುಟ್ಟಿ ನೋಡಿ. ಹೆಚ್ಚಾಗಿ ಮರೆತುಹೋಗುವುದು ಪುಸ್ತಕದ ಪಟ್ಟಿ.